ಬೀಟ್‌ರೂಟ್ ಬಣ್ಣದ ಕೈ

ಡೊಂಬಿವಲಿಯ ನಮ್ಮ ಚಾಳಿನಲ್ಲಿ ಯಾರ ಗಂಡ ಯಾವ ಕಂಪನಿಯಲ್ಲಿ ಕೆಲಸ ಮಾಡುತ್ತಾನೆಂದು ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ಬಟ್ಟೆ ಒಣಗಿಸುವ ಹಗ್ಗ ನೋಡಿದರೆ ತಿಳಿಯುತ್ತಿತ್ತು. ಪಕ್ಕದ ಮನೆಯ ಹಗ್ಗ ಹಳದಿ, ಮೂಲೆಮನೆಯದು ನೀಲಿ, ನಮ್ಮದು ಕೆಂಪೂ ಅಲ್ಲದ ನೇರಳೆಯೂ ಅಲ್ಲದ ಒಂದು ಬಣ್ಣ. ನನ್ನ ಗಂಡ ಇದ್ದದ್ದು ಬಟ್ಟೆಗೆ ಹಾಕುವ ಬಣ್ಣ ತಯಾರಿಸುವ ಕಾರ್ಖಾನೆಯಲ್ಲಿ. ಒಣಗಿದ ಪುಡಿಯನ್ನು ಸಲಿಕೆಯಿಂದ ಎಳೆದು ಡ್ರಮ್ಮಿಗೆ ತುಂಬುವುದು ಅವರ ಕೆಲಸ. ಮೂಗಿಗೆ ಒಂದು ಕರವಸ್ತ್ರ ಕಟ್ಟಿಕೊಳ್ಳುತ್ತಿದ್ದರು, ಅದೂ ನೆನಪಾದ ದಿನ.

ಇವರು ನನ್ನನ್ನು ನೋಡಲು ಬಂದಾಗಲೇ ಅಂಗೈ, ಉಗುರು ಎಲ್ಲ ಅದೇ ಬಣ್ಣ. ಕಾಫಿ ಲೋಟ ತೆಗೆದುಕೊಳ್ಳುವಾಗ ಅಪ್ಪ ನೋಡಿಬಿಟ್ಟರು. "ಕೈಗೆ ಎಂತ ಆಗಿದೆ?" ಎಂದು ಕೇಳಿದ್ದಕ್ಕೆ ಇವರು ಒಂದು ಚೂರೂ ತಡವರಿಸದೆ, "ಅದು ಹೋಳಿಯದ್ದು, ಮುಂಬಯಿಯಲ್ಲಿ ಜೋರು ಆಡ್ತಾರಲ್ವಾ" ಎಂದರು. ಆಗ ಸೋಣ ತಿಂಗಳು, ಹೋಳಿ ಮುಗಿದು ಐದು ತಿಂಗಳಾಗಿತ್ತು. ಆದರೆ ಕಾರ್ಕಳದ ಕಡೆ ನಮ್ಮವರಿಗೆ ಹೋಳಿ ಯಾವಾಗ ಬಂದು ಯಾವಾಗ ಹೋಗುತ್ತದೆಂದು ಯಾರಿಗೆ ಗೊತ್ತು? ಅಪ್ಪ ತಲೆಯಾಡಿಸಿದರು, ಮದುವೆ ನಿಶ್ಚಯವಾಯಿತು. ಇಲ್ಲಿಗೆ ಬಂದು ಮೊದಲ ಹೋಳಿ ನೋಡಿದ ಮೇಲೆಯೇ ನನಗೆ ಲೆಕ್ಕ ಸಿಕ್ಕಿದ್ದು. ಆಗ ನಕ್ಕಷ್ಟು ನಾನು ಮದುವೆಯ ಹೊಸತರಲ್ಲಿ ಇನ್ನಾವುದಕ್ಕೂ ನಗಲಿಲ್ಲ.

ಎರಡು ಸಾವಿರದ ನಾಲ್ಕೈದರ ಸುಮಾರಿನ ಮಾತಿದು. ಸಂಸಾರ ಶುರುವಾಗಿ ತಿಂಗಳಾಗುವುದರೊಳಗೆ ಬಣ್ಣ ಮನೆಯ ಮೂರನೆಯ ಸದಸ್ಯನಾಗಿತ್ತು. ಇವರು ಬೆವರಿದರೆ ಅಂಗಿ ಬಣ್ಣವಾಗುತ್ತಿತ್ತು, ಸೀನಿದರೆ ಕರವಸ್ತ್ರ ಬಣ್ಣವಾಗುತ್ತಿತ್ತು. ಎರಡು ದಿನ ರಜೆ ಹಾಕಿ ಮನೆಯಲ್ಲಿ ಮಲಗಿದರೂ ದಿಂಬಿನ ಮೇಲೆ ತಲೆಯ ಗುರುತು ಮೂಡುತ್ತಿತ್ತು. ಮೊದಮೊದಲು ನಾನು ಬಿಳಿ ಚಾದರ ತಿಕ್ಕಿ ತಿಕ್ಕಿ ಸೋತೆ. ಆಮೇಲೆ ಬುದ್ಧಿ ಬಂತು. ಕಲ್ಯಾಣದ ಪೇಟೆಗೆ ಹೋಗಿ ಮನೆಯ ಚಾದರ, ದಿಂಬಿನ ಚೀಲ, ಟವೆಲು ಎಲ್ಲವನ್ನೂ ಅದೇ ಬಣ್ಣದ್ದು ತಂದುಬಿಟ್ಟೆ. ಅಂಗಡಿಯವನು ಮನೆಯಲ್ಲಿ ಮದುವೆಯೋ ಎಂದು ಕೇಳಿದ. ನಾನು ಹೂಂ ಎಂದೆ.

"ಇದು ಹೋಗುದೇ ಇಲ್ವಾ?" ಎಂದು ಕೇಳಿದರೆ ಇವರದು ಒಂದೇ ಉತ್ತರ. "ಬಣ್ಣ ಅಲ್ವಾ ಮಾರಾಯ್ತಿ, ಬಣ್ಣ ಹೋಗದ ಹಾಗೆ ಮಾಡುದೇ ನಮ್ಮ ಕೆಲಸ." ಮನೆಯಲ್ಲಿ ನಾವು ಆಡುತ್ತಿದ್ದದ್ದು ತುಳು. ತುಳುವಿನಲ್ಲಿ ಈ ಮಾತು ಇನ್ನೂ ಸೊಕ್ಕಿನಿಂದ ಕೇಳಿಸುತ್ತಿತ್ತು.

ಆ ಸೊಕ್ಕಿಗೆ ಕಾರಣವಿತ್ತು. ನಮ್ಮ ಕಡೆಯವರು ಮುಂಬಯಿಗೆ ಬಂದರೆ ಹೋಟೆಲಿಗೇ ಬಂದ ಹಾಗೆ. ಇವರೂ ಹರೆಯದಲ್ಲಿ ಠಾಣೆಯ ಒಂದು ಹೋಟೆಲಿನಲ್ಲಿ ತಟ್ಟೆ ಎತ್ತಿ, ಮೇಜು ಒರೆಸಿ, ಗಿರಾಕಿಗಳ ಬೈಗುಳ ತಿಂದು, ಇನ್ನು ಈ ಜನ್ಮದಲ್ಲಿ ಇನ್ನೊಬ್ಬರ ಎಂಜಲು ತಟ್ಟೆ ಮುಟ್ಟುವುದಿಲ್ಲವೆಂದು ಶಪಥ ಮಾಡಿ ಹೊರಬಿದ್ದವರು. ಕಂಪನಿಯಲ್ಲಿ ಭಾನುವಾರ ರಜೆ. ಕೊರಳಲ್ಲಿ ಫೋಟೋ ಇರುವ ಕಾರ್ಡು. ಊರಿಗೆ ಹೋದಾಗ 'ಹೋಟೆಲಿನವ' ಅಲ್ಲ, 'ಕಂಪನಿಯವರು'. ಡೊಂಬಿವಲಿ ಸ್ಟೇಷನ್ ಹತ್ತಿರದ ಹೋಟೆಲೊಂದರಲ್ಲಿ ನನ್ನ ಅಣ್ಣ ಮ್ಯಾನೇಜರನಾಗಿದ್ದ. ಗಲ್ಲಾದ ಮೇಲೆ ಕೂರುವವನು. ಆದರೂ ಇವರು ಅವನನ್ನು ಸ್ವಲ್ಪ ಕನಿಕರದಿಂದಲೇ ನೋಡುತ್ತಿದ್ದರು.

ಕಂಪನಿಯವರು ಕೊಡುವ ಇನ್ನೊಂದು ವಸ್ತುವಿನ ಬಗ್ಗೆಯೂ ಇವರಿಗೆ ಬಹಳ ಅಭಿಮಾನ. ಬೆಲ್ಲ. ಪಾಳಿ ಮುಗಿದು ಹೊರಗೆ ಬರುವಾಗ ಗೇಟಿನ ಹತ್ತಿರ ಒಬ್ಬೊಬ್ಬರ ಕೈಗೆ ಒಂದು ತುಂಡು ಬೆಲ್ಲ, ಒಂದು ಬಾಳೆಹಣ್ಣು ಸಿಗುತ್ತಿತ್ತು. ಗಂಟಲಿಗೆ ಇಳಿದ ಪುಡಿಯನ್ನೆಲ್ಲ ಬೆಲ್ಲ ಎಳೆದುಕೊಂಡು ಹೊಟ್ಟೆಗೆ ಒಯ್ಯುತ್ತದೆ, ಬಾಳೆಹಣ್ಣು ಅದನ್ನು ಹೊರಗೆ ದಬ್ಬುತ್ತದೆ ಎಂದು ಅಲ್ಲಿಯ ನಂಬಿಕೆ. ಹಳದಿ ಕಂಪನಿಯಲ್ಲೂ ಅದೇ, ನೀಲಿ ಕಂಪನಿಯಲ್ಲೂ ಅದೇ. ಇವರು ಬೆಲ್ಲದಲ್ಲಿ ಅರ್ಧ ತಿಂದು ಉಳಿದರ್ಧ ಕಾಗದದಲ್ಲಿ ಸುತ್ತಿ ನನಗೆ ತರುತ್ತಿದ್ದರು. ಬಣ್ಣದ ಬೆರಳಿನ ಗುರುತು ಬೆಲ್ಲದ ಮೇಲೆ ಇರುತ್ತಿತ್ತು. ನಾನು ಪ್ರೀತಿಯಿಂದ ತಿನ್ನುತ್ತಿದ್ದೆ. ಬಸುರಿಯಾದಾಗಲಂತೂ ಪೂರ್ತಿ ತುಂಡೇ ನನಗೆ.

ಬಸುರಾಗುವುದಕ್ಕೇನೂ ತೊಂದರೆ ಇರಲಿಲ್ಲ, ಉಳಿಯುತ್ತಿರಲಿಲ್ಲ. ಮೊದಲನೆಯದು ಮೂರನೆಯ ತಿಂಗಳಲ್ಲಿ ಹೋಯಿತು. ಮರುವರ್ಷ ಎರಡನೆಯದೂ ಹಾಗೆಯೇ. ಮೊದಲ ಸಲ ಎಲ್ಲರೂ ಸಮಾಧಾನ ಹೇಳಿದರು, ಎರಡನೆಯ ಸಲ ಎಲ್ಲರೂ ಸಲಹೆ ಹೇಳಿದರು. ಊರಿಂದ ಅತ್ತೆ ಫೋನು ಮಾಡಿ, "ನಿಮ್ಮ ತಾಯಿಮನೆಯ ನಾಗಬನಕ್ಕೆ ಯಾರಾದರೂ ಕತ್ತಿ ತಾಗಿಸಿದ್ರಾ ಕೇಳು" ಎಂದರು. ಅಪ್ಪ ಅಂಜಿಕೊಂಡು ಹೋಗಿ ನಾಗನಿಗೆ ಆಶ್ಲೇಷಾಬಲಿ ಮಾಡಿಸಿ ಬಂದರು. ಕಲ್ಯಾಣದ ಡಾಕ್ಟರಮ್ಮ ನನ್ನ ರಕ್ತ, ಮೂತ್ರ, ಥೈರಾಯಿಡು ಎಲ್ಲ ನೋಡಿ ಎಲ್ಲ ಸರಿಯಿದೆ ಎಂದರು. ಹಾಗಾದರೆ ತಪ್ಪು ಯಾವುದು? ನಾನು ಮೆಟ್ಟಿಲು ಹತ್ತಿದ್ದು, ಪಪ್ಪಾಯಿ ತಿಂದದ್ದು, ಬಕೆಟ್ ಎತ್ತಿದ್ದು. ಇಷ್ಟೆಲ್ಲದರಲ್ಲಿ ನನ್ನ ಗಂಡನ ಒಂದು ತೊಟ್ಟು ರಕ್ತವನ್ನೂ ಯಾರೂ ಕೇಳಲಿಲ್ಲ. ನನಗೆ ದುಃಖಕ್ಕಿಂತ ಸಿಟ್ಟೇ ಹೆಚ್ಚು ಬಂದಿತ್ತು. ಪಪ್ಪಾಯಿಯ ಹೆಸರೆತ್ತಿದರೆ ಈಗಲೂ ಬರುತ್ತದೆ.

ಹೀಗಿರುವಾಗ ಒಂದು ಭಾನುವಾರ ಊಟಕ್ಕೆ ಬಂದ ಅಣ್ಣ ಒಂದು ಸುದ್ದಿ ತಂದ. ಅವನ ಹೋಟೆಲಿಗೆ ಮೈಸೂರಿನ ಕಡೆಯ ಒಬ್ಬ ಮೇಡಂ ಬರುತ್ತಿದ್ದರಂತೆ. ಮನೆ ಘೋಡಬಂದರ್ ರಸ್ತೆಯ ಹೊಸ ಬಿಲ್ಡಿಂಗಿನಲ್ಲಿ, ಪಾಠ ಮಾಡುವುದು ಕಲ್ಯಾಣದ ಕಡೆಯ ಕಾಲೇಜಿನಲ್ಲಿ. ಬಣ್ಣದ ಕಾರ್ಖಾನೆಗಳಲ್ಲಿ ಕೆಲಸ ಮಾಡುವವರ ಕೆನ್ನೆಯ ಒಳಗಡೆಯಿಂದ ಸ್ವಲ್ಪ ಕೆರೆದು ತೆಗೆದು, ಅದರಲ್ಲಿರುವ ಜೀವಕಣಗಳಿಗೆ ಪೆಟ್ಟಾಗಿದೆಯೇ ಎಂದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರಂತೆ.

"ಕಣಕ್ಕೆ ಪೆಟ್ಟಾದ್ರೆ ಎಂತ ಆಗ್ತದೆ?" ಎಂದೆ.

"ಕಣದೊಳಗೆ ನಮ್ಮನ್ನು ಮಾಡಿದ ನೂಲು ಅಂತ ಇರ್ತದಂತೆ. ಅಪ್ಪ ಅಮ್ಮನಿಂದ ಮಕ್ಕಳಿಗೆ ಹೋಗುವಂಥದ್ದು. ಅದು ತುಂಡಾಗ್ತದಂತೆ," ಎಂದ ಅಣ್ಣ, ಸಾರಿಗೆ ಕೈಹಾಕುತ್ತ.

ಇವರ ಮುಖ ನೋಡಿದೆ. ಇವರು ಮೀನಿನ ಮುಳ್ಳು ಬಿಡಿಸುವುದರಲ್ಲಿ ಮಗ್ನರಾಗಿದ್ದರು. ಆ ಮೇಡಮ್ಮನ ವಿಷಯ ಇವರಿಗೆ ಮೊದಲೇ ಗೊತ್ತಿತ್ತು. ಅವರು ಕಂಪನಿಯ ಗೇಟಿಗೇ ಬಂದಿದ್ದರಂತೆ, ಒಳಗೆ ಬಿಡಲಿಲ್ಲವಂತೆ. ಯಾರಾದರೂ ಹೊರಗೆ ಹೋಗಿ ಬಾಯಿ ತೆರೆದು ತೋರಿಸಿದ್ದು ಗೊತ್ತಾದರೆ ಮರುದಿನ ಕಾರ್ಡು ಇರುವುದಿಲ್ಲವೆಂದು ಸೂಪರ್‌ವೈಸರ್ ಹೇಳಿದ್ದನಂತೆ. ಕೆಲವರು ಕದ್ದು ಕೊಟ್ಟಿದ್ದರು, ತುರ್ಭೆಯ ಕಡೆಯ ಕಾರ್ಖಾನೆಗಳವರೂ ಕೊಟ್ಟಿದ್ದರು. ಇವರು ಮಾತ್ರ ಮೇಡಂ ಇದ್ದ ರಸ್ತೆಯನ್ನೇ ಬಿಟ್ಟು ಸುತ್ತುಹಾಕಿ ಮನೆಗೆ ಬರುತ್ತಿದ್ದರು.

"ನನಗೆ ತಿಳಿಯಬೇಕು," ಎಂದೆ.

"ತಿಳಿದು ಎಂತ ಮಾಡುದು? ಬೆಲ್ಲ ತಿಂತೇನಲ್ಲ."

"ಬೆಲ್ಲದ ಸುದ್ದಿ ಬೇಡ. ಎರಡು ಸಲ ಆಸ್ಪತ್ರೆಯಲ್ಲಿ ಮಲಗಿದ್ದು ನಾನು. ನೀವು ಒಂದು ಸಲ ಬಾಯಿ ತೆರೆಯಿರಿ ಸಾಕು."

ಆಗ ಅಣ್ಣ ಕೈ ನೆಕ್ಕುತ್ತ ಒಂದು ದಾರಿ ಹೇಳಿದ. ಮೇಡಮ್ಮನಿಗೆ ಕಾರ್ಖಾನೆಯವರಷ್ಟೇ ಅಲ್ಲ, ರಾಸಾಯನಿಕದ ಗಾಳಿಯೂ ಸೋಕದ ಗಂಡಸರೂ ಬೇಕಾಗಿದ್ದರಂತೆ, ಹೋಲಿಸಿ ನೋಡುವುದಕ್ಕೆ. ಅದಕ್ಕೆ ಹೋಟೆಲಿನ ಹುಡುಗರಾದರೆ ಒಳ್ಳೆಯದು, ವಯಸ್ಸೂ ಊಟವೂ ಸುಮಾರಾಗಿ ಒಂದೇ ಎಂದು ಅವನನ್ನೇ ಕೇಳಿದ್ದರು. ಮುಂದಿನ ಭಾನುವಾರ ಹೋಟೆಲಿನ ಹಿಂದಿನ ಕೋಣೆಯಲ್ಲೇ ಕೆನ್ನೆ ಕೆರೆಯುವ ಕಾರ್ಯಕ್ರಮ. "ಭಾವನೂ ಅದರಲ್ಲಿ ಸೇರಿಕೊಳ್ಳಲಿ. ನಮ್ಮ ಅಡುಗೆಮನೆಯವ ಅಂತ ಹೇಳಿದ್ರಾಯ್ತು. ಕಂಪನಿಗೆ ಹೇಗೆ ಗೊತ್ತಾಗ್ತದೆ?"

ಆ ಕ್ಷಣಕ್ಕೆ ಇದು ನಮಗೆ ಮಹಾ ಬುದ್ಧಿವಂತಿಕೆಯಾಗಿ ಕಂಡಿತು. ವಿಷ ಸೋಕದವರ ಸಾಲಿನಲ್ಲಿ ವಿಷ ಹೊರುವವನನ್ನು ನಿಲ್ಲಿಸಿದರೆ ಆ ಮೇಡಮ್ಮನ ವರ್ಷಗಳ ಕೆಲಸ ಏನಾದೀತೆಂದು ನಮ್ಮ ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ನಮ್ಮ ತಲೆಬಿಸಿ ಇದ್ದದ್ದು ಕೈಯ ಬಣ್ಣದ್ದು. ಅದಕ್ಕೂ ಅಣ್ಣನೇ ಉಪಾಯ ಮಾಡಿದ. ಅವತ್ತು ಬೆಳಿಗ್ಗೆ ಇವರಿಗೆ ಹೋಟೆಲಿನ ಖಾಕಿ ಚಡ್ಡಿ ಅಂಗಿ ಹಾಕಿಸಿ, ಮುಂದೆ ಒಂದು ಬುಟ್ಟಿ ಬೀಟ್‌ರೂಟ್ ಸುರಿದು, ಕಟ್ಲೆಟ್ಟಿಗೆ ಹೆಚ್ಚುತ್ತಿರು ಎಂದು ಕೂರಿಸಿದ. ನಾನು ತಂಗಿ, ಸುಮ್ಮನೆ ತಿಂಡಿಗೆ ಬಂದವಳ ಹಾಗೆ ಬಾಗಿಲ ಹತ್ತಿರದ ಮೇಜಿನಲ್ಲಿ ಕೂತು ಬನ್ಸ್ ತಿನ್ನುತ್ತಿದ್ದೆ.

ಮೇಡಂ ಬಂದರು. ಹತ್ತಿ ಸೀರೆ, ಕತ್ತರಿಸಿದ ಕೂದಲು, ಕೈಯಲ್ಲಿ ಗಾಜಿನ ಪಟ್ಟಿಗಳ ಪೆಟ್ಟಿಗೆ, ಐಸ್‌ಕ್ರೀಮಿನ ಕಡ್ಡಿಯಂಥ ಕಡ್ಡಿಗಳು. ಹುಡುಗರು ಒಬ್ಬೊಬ್ಬರೇ ಬಾಯಿ ಮುಕ್ಕಳಿಸಿ ಬಂದು ಬಾಯಿ ತೆರೆದರು. ಇವರ ಸರದಿ ಬಂದಾಗ ಮೇಡಂ ಕೈ ನೋಡಿದರು, ಮೊಳಕೈ ನೋಡಿದರು, ಆಮೇಲೆ ಕಿವಿ ನೋಡಿದರು.

"ಏನ್ರೀ ಇದು, ಬೀಟ್‌ರೂಟ್ ಕಿವಿಗೂ ಹತ್ತುತ್ತಾ?"

"ನನಗೆ ಕಿವಿ ತುರಿಸುವ ಅಭ್ಯಾಸ ಉಂಟು ಮೇಡಂ," ಎಂದರು ಇವರು.

ಹೋಳಿಯ ಸುಳ್ಳು ಹೇಳಿದ ಬಾಯಿಯಲ್ಲವೇ. ಮೇಡಂ ನಕ್ಕುಬಿಟ್ಟರು. ಕೆನ್ನೆಯೊಳಗೆ ಕಡ್ಡಿಯಾಡಿಸಿ, ಗಾಜಿನ ಪಟ್ಟಿಯ ಮೇಲೆ ಸವರಿ, ಪೆಟ್ಟಿಗೆಯಲ್ಲಿಟ್ಟುಕೊಂಡರು. ಹೋಗುವಾಗ ಒಂದು ಪ್ಲೇಟ್ ಬೀಟ್‌ರೂಟ್ ಕಟ್ಲೆಟ್ ಬೇರೆ ತಿಂದು, ಚೆನ್ನಾಗಿದೆ ಎಂದರು. ಅಂದು ದಾರಿಯುದ್ದಕ್ಕೂ ನಾವು ಗಂಡ ಹೆಂಡತಿ ಕಿವಿಯ ಮಾತು ನೆನೆಸಿಕೊಂಡು ನಗುತ್ತ ಮನೆಗೆ ಬಂದೆವು.

ಮಳೆಗಾಲ ಶುರುವಾದ ಮೇಲೆ ಒಂದು ದಿನ ಅಣ್ಣನ ಫೋನು. ದನಿ ಸಣ್ಣದಾಗಿತ್ತು. "ಆ ಮೇಡಂ ಬಂದು ಕೂತಿದ್ದಾರೆ. ನಿಮ್ಮ ಬೀಟ್‌ರೂಟ್ ಹೆಚ್ಚುವವ ಎಲ್ಲಿ ಅಂತ ಕೇಳ್ತಿದ್ದಾರೆ. ನನಗೆ ಇನ್ನು ಸುಳ್ಳು ಹೇಳ್ಲಿಕ್ಕೆ ಬರುದಿಲ್ಲ, ನೀನೇ ಬಾ."

ಇವರು ಪಾಳಿಯಲ್ಲಿದ್ದರು. ನಾನೊಬ್ಬಳೇ ಕೊಡೆ ಹಿಡಿದುಕೊಂಡು ಹೋದೆ. ಮೇಡಂ ಮೂಲೆಯ ಮೇಜಿನಲ್ಲಿ ಆರಿದ ಕಾಫಿಯ ಮುಂದೆ ಕೂತಿದ್ದರು. ನಾನು ಅವರ ಹೆಂಡತಿ ಎಂದು ಹೇಳಿ ಎದುರು ಕೂತೆ. ಆ ಮನುಷ್ಯ ಗುಟಕಾ ಹಾಕುತ್ತಾರಾ, ಎಕ್ಸ್‌ರೇ ಬಹಳ ತೆಗೆಸಿದ್ದಾರಾ, ಕುಡಿಯುತ್ತಾರಾ ಎಂದು ಒಂದರ ಮೇಲೊಂದು ಕೇಳಿದರು. ನಾನು ಯಾವುದೂ ಇಲ್ಲ ಎಂದೆ. "ಮತ್ತೆ ಹೇಗ್ರಿ? ಹೋಟೆಲಿನವರೆಲ್ಲ ಒಂದು ಥರ ಇದ್ದಾರೆ, ಇವರೊಬ್ಬರದು ಬಣ್ಣದ ಕಾರ್ಖಾನೆಯವರ ಥರವೇ ಇದೆ. ಅವರಲ್ಲಿ ಎಷ್ಟೋ ಜನಕ್ಕಿಂತ ಜಾಸ್ತಿ. ನಾನೇ ಎಲ್ಲೋ ಪಟ್ಟಿ ಅದಲುಬದಲು ಮಾಡಿದೀನಿ ಅಂದ್ಕೊಂಡು ಇದನ್ನ ತೆಗೆದು ಹಾಕೋಳಿದ್ದೆ. ಮನಸ್ಸು ತಡೀಲಿಲ್ಲ, ಬಂದೆ."

ನಾನು ಎಲ್ಲ ಹೇಳಿಬಿಟ್ಟೆ. ಕಂಪನಿ, ಕಾರ್ಡು, ಬೀಟ್‌ರೂಟ್, ಹೋದ ಎರಡು ಕೂಸುಗಳು. ಮೇಡಮ್ಮನಿಗೆ ಮೊದಲು ಸಿಟ್ಟು ಬಂತು. ಬರಬೇಕಾದದ್ದೇ. "ನನ್ನ ಕೆಲಸ ಹಾಳಾಗ್ತಿತ್ತು, ಗೊತ್ತಾ?" ಎಂದರು. ಆಮೇಲೆ ಕಾಫಿ ಸರಿಸಿ, ನನಗೆ ಅರ್ಥವಾಗುವ ಹಾಗೆ ಬಿಡಿಸಿ ಹೇಳಿದರು. ಒಂದು ಕಣ ಎರಡಾಗುವಾಗ ಒಳಗಿನ ನೂಲೂ ಸರಿಯಾಗಿ ಎರಡು ಪಾಲಾಗಬೇಕು. ನೂಲಿಗೆ ಪೆಟ್ಟಾಗಿದ್ದರೆ, ಹಿಟ್ಟಿನ ಉಂಡೆ ಮುರಿಯುವಾಗ ಒಂದು ಚೂರು ಹೊರಗೆ ಬೀಳುವ ಹಾಗೆ, ಅದರ ತುಂಡೊಂದು ಯಾರ ಪಾಲಿಗೂ ಸೇರದೆ ಚುಕ್ಕಿಯಾಗಿ ಪಕ್ಕದಲ್ಲಿ ಉಳಿಯುತ್ತದೆ. ಎಲ್ಲರ ಕೆನ್ನೆಯಲ್ಲೂ ಅಲ್ಲೊಂದು ಇಲ್ಲೊಂದು ಚುಕ್ಕಿ ಇರುತ್ತದೆ. ನನ್ನ ಗಂಡನದರಲ್ಲಿ ಹುಡುಕಬೇಕಾಗಿಯೇ ಇರಲಿಲ್ಲವಂತೆ.

ನನಗೆ ಆಗ ಏನನ್ನಿಸಿತೆಂದು ಬರೆಯುವುದಾದರೆ ನಿಜವನ್ನೇ ಬರೆಯಬೇಕು. ಸಂತೋಷವಾಯಿತು. ಕಟ್ಟಿಕೊಂಡ ಗಂಡನ ಮೈಯೊಳಗೆ ಪೆಟ್ಟಾಗಿದೆ ಎನ್ನುತ್ತಿದ್ದಾರೆ, ನನಗೆ ಎದ್ದು ಅತ್ತೆಗೆ ಫೋನು ಮಾಡೋಣವೆನ್ನಿಸುತ್ತಿದೆ. ನಾನಲ್ಲ, ನನ್ನ ತಾಯಿಮನೆಯ ನಾಗನಲ್ಲ, ಪಪ್ಪಾಯಿಯಲ್ಲ. ಮೇಡಂ ನನ್ನ ಮುಖ ಓದಿರಬೇಕು. "ನೋಡಿ, ಮಕ್ಕಳು ಹೋಗಿದ್ದು ಇದರಿಂದಲೇ ಅಂತ ನಾನು ಹೇಳೋಕಾಗಲ್ಲ. ನೂರಾರು ಜನರನ್ನ ನೋಡಿದ್ರೆ ಏನೋ ಹೇಳಬಹುದು, ಒಬ್ಬರನ್ನ ನೋಡಿ ಹೇಳೋಕಾಗಲ್ಲ," ಎಂದರು. ಆಗಲಿ ಎಂದು ತಲೆಯಾಡಿಸಿದೆ, ಕಿವಿಗೆ ಹಾಕಿಕೊಳ್ಳಲಿಲ್ಲ.

ಎದ್ದು ಹೊರಡುವವಳಿದ್ದೆ. ಅಷ್ಟರಲ್ಲಿ ಮೇಡಂ ಕೇಳಿದರು. "ಅವರ ಬಟ್ಟೆ ಯಾರು ಒಗೀತಾರೆ?"

"ನಾನೇ. ಇನ್ಯಾರು?"

"ಕೈ ತೋರಿಸಿ."

ತೋರಿಸಿದೆ. ಅಂಗೈಯ ಗೆರೆಗಳೆಲ್ಲ ತಿಳಿಗುಲಾಬಿ. ಅದು ನನಗೆ ಎಷ್ಟು ಅಭ್ಯಾಸವಾಗಿತ್ತೆಂದರೆ ನಾನು ಹುಟ್ಟಿದ್ದೇ ಹಾಗೆ ಅನ್ನಿಸುತ್ತಿತ್ತು. ಫ್ಯಾಕ್ಟರಿಯಿಂದ ಇನ್ನೇನು ಮನೆಗೆ ಬರುತ್ತದೆ ಎಂದು ಕೇಳಿದರು. ಬೆಲ್ಲ ಎಂದೆ. ಅವರು ಚೀಲದಿಂದ ಕಡ್ಡಿ ತೆಗೆದರು. ಆ ಹೋಟೆಲಿನ ಮೂಲೆಯಲ್ಲಿ, ಮಸಾಲೆ ದೋಸೆಯ ವಾಸನೆಯ ನಡುವೆ, ನಾನೂ ಬಾಯಿ ತೆರೆದೆ.

ನನ್ನ ಫಲಿತಾಂಶವನ್ನು ಅವರು ಫೋನಿನಲ್ಲೇ ಹೇಳಿದರು. "ಹೋಟೆಲಿನವರ ಹಾಗೂ ಇಲ್ಲ, ನಿಮ್ಮ ಯಜಮಾನರ ಹಾಗೂ ಇಲ್ಲ. ನಡುವೆ ಇದೆ. ಆದ್ರೆ ಕೆನ್ನೆ ಒಳಗಿನ ಚರ್ಮ ಕೆಲವೇ ವಾರದಲ್ಲಿ ಹೊಸದಾಗುತ್ತೆ. ಬಣ್ಣ ಮನೆಗೆ ಬರೋದು ನಿಲ್ಲಿಸಿ." ಎಷ್ಟು ಸುಲಭದಲ್ಲಿ ಹೇಳಿದರು. ಗಂಡನದು ಕೇಳಿದಾಗ ಬಂದ ಸಂತೋಷದ ಒಂದು ಚೂರೂ ಉಳಿದಿರಲಿಲ್ಲ.

ಇವರಿಗೆ ತಮ್ಮ ಕೆನ್ನೆಯ ಸುದ್ದಿ ಹೇಳಿದಾಗ ಏನೂ ಆಗಿರಲಿಲ್ಲ. "ಅಲ್ಲಿ ಎಲ್ಲರಿಗೂ ಹಾಗೇ ಇರ್ತದೆ. ನನಗೊಬ್ಬನಿಗೆ ಎಂತ ವಿಶೇಷ?" ಎಂದು ಟಿ.ವಿ. ಹಾಕಿದ್ದರು. ಕಂಪನಿ ಬಿಡುವ ಮಾತೆತ್ತಿದರೆ, "ಬಿಟ್ಟು? ನಿನ್ನ ಅಣ್ಣನ ಕೈಕೆಳಗೆ ತಟ್ಟೆ ಎತ್ತಬೇಕಾ?" ಎಂದು ಗುರ್ ಎಂದಿದ್ದರು. ಹಾಗಾಗಿ ನನ್ನದನ್ನು ಹೇಳುವ ಮನಸ್ಸೇ ಇರಲಿಲ್ಲ. ಆದರೆ ಸಂಜೆ ಅವರು ಎಂದಿನಂತೆ ಕಾಗದ ಬಿಡಿಸಿ ಬೆಲ್ಲ ಮುಂದೆ ಹಿಡಿದಾಗ ಹೇಳದೆ ಇರಲಾಗಲಿಲ್ಲ.

"ಬೇಡ. ನನ್ನ ಬಾಯಲ್ಲೂ ಉಂಟಂತೆ."

"ಎಂತದ್ದು?"

"ಚುಕ್ಕಿ. ನಿಮ್ಮ ಬಟ್ಟೆ ಒಗೆದು, ನಿಮ್ಮ ಬೆಲ್ಲ ತಿಂದು."

ಅವರು ಬೆಲ್ಲವನ್ನು ಮತ್ತೆ ಕಾಗದದಲ್ಲಿ ಸುತ್ತಿ ಕಿಸೆಗೆ ಹಾಕಿಕೊಂಡರು. ಬಚ್ಚಲಲ್ಲಿ ನೆನೆಸಿಟ್ಟಿದ್ದ ಯೂನಿಫಾರ್ಮಿನ ಬಕೆಟ್ಟನ್ನು ತಾವೇ ಎತ್ತಿಕೊಂಡು ಹೊರಗಿನ ಕಟ್ಟೆಗೆ ಹೋಗಿ ಒಗೆಯಲು ಕೂತರು. ಜೀವಮಾನದಲ್ಲಿ ಒಂದು ಬಟ್ಟೆ ಒಗೆದವರಲ್ಲ. ಚಾಳಿನ ಹೆಂಗಸರು ಬಾಗಿಲಿಗೆ ಬಂದು ನಿಂತು ನೋಡಿದರು. ಹಳದಿ ಮನೆಯಾಕೆ, "ಕಾಯ್ ಝಾಲಂ ವಹಿನಿ?", ಏನಾಯಿತು ಅತ್ತಿಗೆ, ಎಂದು ನನ್ನನ್ನು ಕೇಳಿದಳು. ಏನಿಲ್ಲ ಎಂದೆ. ಇವರು ತಲೆ ಎತ್ತದೆ ತಿಕ್ಕಿದರು. ಬಕೆಟ್ಟಿನ ನೀರು ಚೆಲ್ಲಿ ಹೊಸ ನೀರು ಹಿಡಿದರೆ ಅದೂ ಕೆಂಪು, ಅದನ್ನು ಚೆಲ್ಲಿ ಮತ್ತೆ ಹಿಡಿದರೆ ಮತ್ತೂ ಕೆಂಪು. ಕೊನೆಗೆ ಬಟ್ಟೆಯನ್ನು ಕಲ್ಲಿನ ಮೇಲೆ ಬಿಟ್ಟು ಒಳಗೆ ಬಂದು, "ಇದನ್ನು ನೀನು ದಿನಾ ಮಾಡ್ತಿದ್ದಿಯಾ?" ಎಂದು ಕೇಳಿದರು.

ಆ ತಿಂಗಳು ಮುಗಿಯುವಾಗ ಕಾರ್ಡು ವಾಪಸು ಕೊಟ್ಟು ಬಂದರು. ಅಣ್ಣ ದೊಡ್ಡ ಮನಸ್ಸು ಮಾಡಿ ಒಂದು ವಾರ ತಮಾಷೆ ಮಾಡಲಿಲ್ಲ, ಎರಡನೆಯ ವಾರದಿಂದ ಶುರುಮಾಡಿದ. ತಟ್ಟೆ ಎತ್ತುವ ಕೆಲಸ ಕೊಡದೆ ಅಡುಗೆಮನೆಯ ಉಸ್ತುವಾರಿ ಕೊಟ್ಟ, ಅಷ್ಟರ ಮಟ್ಟಿಗೆ ಶಪಥ ಉಳಿಯಿತು. ಮೇಡಮ್ಮನ ಲೇಖನ ಅಚ್ಚಾದಾಗ ಹೋಟೆಲಿಗೆ ತಂದು ತೋರಿಸಿದರು. ಇಂಗ್ಲಿಷಿನದು, ನಮಗೇನೂ ಗೊತ್ತಾಗಲಿಲ್ಲ. ಇದರಲ್ಲಿ ನಾವೆಲ್ಲಿ ಎಂದು ಕೇಳಿದೆ. ಎಲ್ಲೂ ಇಲ್ಲವಂತೆ. ಸುಳ್ಳು ಹೇಳಿ ಕೊಟ್ಟದ್ದಾದ್ದರಿಂದ ಇವರನ್ನು ಕಾರ್ಖಾನೆಯವರ ಸಾಲಿಗೆ ಸೇರಿಸುವಂತಿರಲಿಲ್ಲ, ಹೋಟೆಲಿನವರ ಸಾಲಿನಿಂದ ತೆಗೆಯಲೇಬೇಕಿತ್ತು. ನನ್ನದಕ್ಕಂತೂ ಅವರ ಲೆಕ್ಕದಲ್ಲಿ ಸಾಲೇ ಇರಲಿಲ್ಲ. "ಮುಂದಿನ ಸಲ ಹೆಂಡತಿಯರನ್ನೇ ನೋಡ್ತೀನಿ," ಎಂದರು ಮೇಡಂ. ಹಳದಿ ಮನೆಯಾಕೆಯ ವಿಳಾಸವನ್ನು ನಾನೇ ಕೊಟ್ಟೆ.

ಕೊನೆಯದೊಂದು ಸಂಜೆ ಇದೆ. ಕಂಪನಿ ಬಿಟ್ಟು ವರ್ಷವಾಗಿತ್ತು. ಇವರ ಉಗುರಿನ ಹಳೆಯ ಬಣ್ಣ ಬೆಳೆದು ಬೆಳೆದು ತುದಿಗೆ ಬಂದು, ಕತ್ತರಿಸಿ ಹೋಗಿ, ಉಗುರು ಎಲ್ಲರ ಉಗುರಿನಂತಾಗಿತ್ತು. ನಾನು ಮತ್ತೆ ಬಸುರಿ. ಹಿಂದಿನ ಎರಡೂ ಹೋದ ತಿಂಗಳು ದಾಟಿ ಐದು ತುಂಬಿತ್ತು, ಆದರೂ ಸೀನಲೂ ಹೆದರುತ್ತಿದ್ದೆ. ಅವತ್ತು ಇವರು ಬಾಗಿಲಿಗೆ ಬಂದಾಗ ನೋಡಿದೆ. ಎರಡು ಕೈಯೂ ಮಣಿಕಟ್ಟಿನವರೆಗೆ ಕೆಂಪು. ಹೋಟೆಲಿನ ಗದ್ದಲ ಸಾಕಾಗಿ, ನನಗೆ ಹೇಳದೆ, ಮತ್ತೆ ಅಲ್ಲಿಗೇ ಹೋಗತೊಡಗಿದ್ದಾರೆಂದು ಖಚಿತವಾಯಿತು.

"ಎಲ್ಲಿಗೆ ಹೋಗಿದ್ರಿ?"

"ಹೋಟೆಲಿಗೆ. ಇನ್ನೆಲ್ಲಿಗೆ?"

"ಕೈ ಎಂತದ್ದು?"

"ಬೀಟ್‌ರೂಟ್ ಮಾರಾಯ್ತಿ. ಹೆಚ್ಚುವವ ರಜೆ. ಈ ಸಲ ನಿಜವಾಗಿ ಬೀಟ್‌ರೂಟ್."

ಹೋಳಿ ಎಂದಿದ್ದವರು, ಕಿವಿ ತುರಿಸುತ್ತದೆ ಎಂದಿದ್ದವರು. ನಾನು ಹೇಗೆ ನಂಬಲಿ? ಕೈ ಹಿಡಿದು ಹೊರಗಿನ ಕಟ್ಟೆಗೆ ಎಳೆದುಕೊಂಡು ಹೋದೆ. ಸೋಪು ತರಲಿಲ್ಲ, ಬ್ಲೀಚಿಂಗ್ ತರಲಿಲ್ಲ, ಬರೀ ನಲ್ಲಿ ತಿರುಗಿಸಿದೆ. ನೀರು ಕೆಂಪಾಗಿ ಇಳಿಯಿತು, ಆಮೇಲೆ ತಿಳಿಯಾಯಿತು, ಆಮೇಲೆ ಬರೀ ನೀರೇ ಇಳಿಯಿತು. ಅಂಗೈ ಬೆಳ್ಳಗೆ, ಒದ್ದೆಯಾಗಿ, ನನ್ನ ಕೈಯಲ್ಲಿತ್ತು. ಬಣ್ಣ ಹೀಗೂ ಹೋಗುತ್ತದೆಂದು ನನಗೆ ಮರೆತೇಹೋಗಿತ್ತು. ಹೊಟ್ಟೆಯೊಳಗೆ ಮಗಳು ಒಮ್ಮೆ ಹೊರಳಿದಳು. ನಾನು ಆ ಕೈ ಬಿಡದೆ, ಚಾಳಿನವರೆಲ್ಲ ನೋಡುತ್ತಿರುವಂತೆಯೇ ಅತ್ತುಬಿಟ್ಟೆ.

"ನಲ್ಲಿ ನಿಲ್ಲಿಸು ಮಾರಾಯ್ತಿ," ಎಂದರು ಇವರು, "ನೀರೆಲ್ಲ ಹೋಗ್ತದೆ."

"ಹೋಗಲಿ," ಎಂದೆ.